ಉಗಿಬಂಡಿ ಬಂದ ಮೇಲೆ ನಮ್ಮ ದುಡಿಮೆ



ಉಗಿಯಂತ್ರದ ಮಾತು ಬಂದರೆ ಜೇಮ್ಸ್ ವಾಟ್, ಇಂಗ್ಲೆಂಡು, 1769 ಎಂದು ಶುರುಮಾಡುವುದು ರೂಢಿ. ನಾನು ಯಾದಗಿರಿ ಸ್ಟೇಷನ್ನಿನಿಂದಲೇ ಶುರುಮಾಡುತ್ತೇನೆ. ಮುಂಬೈ ಕಡೆಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಕಲಬುರಗಿ, ಯಾದಗಿರಿ ಹಾದು, ಕೃಷ್ಣೆಯನ್ನು ದಾಟಿ, 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಗೆ ಕೂಡಿತು. ನಿಜಾಮರ ಸೀಮೆಯ ಈ ಮೂಲೆ ಎರಡು ದೊಡ್ಡ ಬಂದರುಗಳ ನಡುದಾರಿಯಾಯಿತು.

ಅದಕ್ಕೂ ಮೊದಲು ಈ ನಾಡಿನ ಉಪ್ಪು, ಕಾಳುಕಡಿ ಸಾಗಿಸುತ್ತಿದ್ದವರು ಲಂಬಾಣಿಗರು. ಸಾಲುಸಾಲು ಎತ್ತುಗಳ ಮೇಲೆ ಹೇರು ಹೇರಿಕೊಂಡು ತಿಂಗಳುಗಟ್ಟಲೆ ನಡೆಯುತ್ತಿದ್ದರು. ನೀರು ಕುದಿದು ಉಗಿಯಾದಾಗ ಅದಕ್ಕೆ ಸುಮಾರು 1,600 ಪಟ್ಟು ಜಾಗ ಬೇಕು. ಹೀಗೆ ಹಿಗ್ಗುವ ಉಗಿಯ ಒತ್ತಡವೇ ರೈಲು ಎಂಜಿನ್ನಿನ ಬಲ. ಆ ಬಲದೆದುರು ಹೇರೆತ್ತು ಸೋತಿತು. ನಮ್ಮ ತಾಂಡಾಗಳ ಬಡತನಕ್ಕೆ ಇದೂ ಒಂದು ಕಾರಣ.

ಹತ್ತಿಯದ್ದೂ ಇದೇ ಕಥೆ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸರಳನ್ನು ಪಾದದಿಂದ ಉರುಳಿಸುತ್ತ ಕಾಳು ಬಿಡಿಸುತ್ತಿದ್ದರು. ಮನೆಗೆಲಸದ ನಡುವೆ, ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡು ಮಾಡಬಹುದಾದ ಕೆಲಸವದು. ಆಮೇಲೆ ಉಗಿಯಿಂದ ನಡೆಯುವ ಜಿನ್ನು, ಪ್ರೆಸ್ಸುಗಳು ಬಂದವು. ಹತ್ತಿ ಅಂಡಿಗೆಯಾಗಿ ರೈಲು ಹತ್ತಿತು. 1880ರ ದಶಕದಲ್ಲಿ ಕಲಬುರಗಿಯಲ್ಲಿ ಎಂಎಸ್‌ಕೆ ಬಟ್ಟೆ ಮಿಲ್ಲು ತಲೆಯೆತ್ತಿತು. ಹೊತ್ತು ನೋಡಿ ಹೊಲಕ್ಕೆ ಹೋಗುತ್ತಿದ್ದವರು ಭೋಂಗಾ ಕೇಳಿ ಪಾಳಿಗೆ ಓಡುವಂತಾಯಿತು. ಕೈಗೆ ರೊಕ್ಕ ಬಂತು, ನಿಜ. ಹೊತ್ತು ಮಾತ್ರ ಮಾಲೀಕನದಾಯಿತು.

ಉಗಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬರಗಾಲದಲ್ಲಿ ದೂರದ ಕಾಳು ತಂದದ್ದೂ, ಎಷ್ಟೋ ಮಂದಿಯನ್ನು ಊರಿನ ಜೀತದಿಂದ ಬಿಡಿಸಿದ್ದೂ ಅದೇ ರೈಲು. ಆದರೆ ನಮ್ಮಲ್ಲಿ ಹಳಿ ಬಂದಷ್ಟು ಬೇಗ ಕಾರ್ಖಾನೆ ಬರಲಿಲ್ಲ. ಹತ್ತಿ ಹೋಯಿತು, ಹಿಂದೆಯೇ ಜನರೂ ಹೋದರು. ಇಂದಿಗೂ ಸುಗ್ಗಿ ಮುಗಿದರೆ ಗಂಟುಮೂಟೆ ಕಟ್ಟಿಕೊಂಡು ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋಗುವವರು ಇದೇ ಹಳಿಯ ಮೇಲೆ ಹೋಗುತ್ತಾರೆ.

ಈಗ ಕಾರ್ಖಾನೆಗಳೇ ನಮ್ಮ ಯಾದಗಿರಿ ಜಿಲ್ಲೆಗೆ ಬಂದಿವೆ. ಕಡೇಚೂರು–ಬಾಡಿಯಾಳದಲ್ಲಿ 3,000 ಎಕರೆಗೂ ಹೆಚ್ಚು ರೈತರ ಭೂಮಿ ಕೈಗಾರಿಕೆಗೆ ಹೋಗಿದೆ. ಅಲ್ಲೇ ರೈಲ್ವೆಯ ಬೋಗಿ ಕಾರ್ಖಾನೆಯೂ ಇದೆ. ರಾಸಾಯನಿಕ ಘಟಕಗಳ ದುರ್ವಾಸನೆ, ತ್ಯಾಜ್ಯದ ಬಗ್ಗೆ ಸುತ್ತಲ ಹಳ್ಳಿಗಳವರು ದೂರುತ್ತಲೇ ಇದ್ದಾರೆ. ಉಗಿಯ ಕಾಲದಲ್ಲಿ ನಮ್ಮ ಹಿರಿಯರನ್ನು ಯಾರೂ ಕೇಳಲಿಲ್ಲ. ನಮಗೆ ಕೇಳುವ ಹಕ್ಕಿದೆ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು, ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ ಕೊಡಬೇಕೆಂದಿತ್ತು. ಇಲ್ಲಿರುವ ಹುಡುಗರು, ಹುಡುಗಿಯರು ಅದರ ಜಾಗಕ್ಕೆ ಬಂದಿರುವ ಈಗಿನ ಕಾನೂನನ್ನು ಓದಿಕೊಳ್ಳಿ. ಭೂಮಿ ಕೊಟ್ಟ ಮನೆಗೆ ಕೆಲಸ, ದುಡಿದ ಹೊತ್ತಿಗೆ ಕೂಲಿ, ಕುಡಿಯಲು ಶುದ್ಧ ನೀರು: ಈ ಮೂರನ್ನೂ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.