ಗರಡಿಯ ಶಿಸ್ತು, ಆನ್‌ಲೈನ್ ಪೇಟೆ

(ವಿಜಯಪುರದಲ್ಲಿ ದ್ರಾಕ್ಷಿ ಬೆಳೆಗಾರರು ಹಾಗೂ ಯುವ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ನೆರೆಯುತ್ತದೆ. ಜಾತ್ರೆ ಎಂದಮೇಲೆ ಜಂಗೀ ಕುಸ್ತಿ ಇರಲೇಬೇಕು. ಕಣದ ಸುತ್ತ ಕುಳಿತವರಿಗೆ ಕಾಣುವುದು ಕೆಲವು ನಿಮಿಷಗಳ ಹೋರಾಟ, ಹಲಿಗೆಯ ಸದ್ದು, ಗೆದ್ದವನ ತಲೆಗೆ ಸುತ್ತುವ ರುಮಾಲು. ಅವರ ಕಣ್ಣಿಗೆ ಬೀಳದಿರುವುದು ಅದರ ಹಿಂದಿನ ಹನ್ನೊಂದು ತಿಂಗಳು. ನಸುಕಿನಲ್ಲೆದ್ದು ಗರಡಿಮನೆಯ ಮಣ್ಣು ಹದ ಮಾಡಬೇಕು, ಸಾಮು ತೆಗೆಯಬೇಕು, ಲೆಕ್ಕ ಹಾಕಿ ಖುರಾಕು ತಿನ್ನಬೇಕು, ವಸ್ತಾದಿಯ ಬೈಗುಳ ಕೇಳಬೇಕು.

ವೃತ್ತಿಪರ ಕ್ರೀಡೆ ಎಂಬುದು ಟಿ.ವಿ.ಯ ಜೊತೆಗೆ ಬಂದದ್ದು ಎಂದು ಭಾವಿಸುವವರಿದ್ದಾರೆ. ಕೃಷ್ಣಾ ತೀರದ ಪೈಲ್ವಾನರು ಅದಕ್ಕೂ ಬಹಳ ಮೊದಲೇ ಬಹುಮಾನದ ಹಣದಿಂದಲೂ ಆಶ್ರಯದಾತರ ಅನ್ನದಿಂದಲೂ ಬದುಕುತ್ತಿದ್ದರು. ನೆರೆಯ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನ 1912ರಷ್ಟು ಹಿಂದೆಯೇ ಸಿದ್ಧವಾಗಿತ್ತು. ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡವನ ಶಿಸ್ತು ಈ ಭಾಗದ ಜನರಿಗೆ ಹೊಸದಲ್ಲ. ಆ ಶಿಸ್ತು ಇಂದಿನ ಆನ್‌ಲೈನ್ ವ್ಯಾಪಾರಕ್ಕೆ ಎಷ್ಟು ಒದಗೀತು ಎಂಬುದೇ ಈ ಮಾತಿನ ವಿಷಯ.

ವ್ಯಾಪಾರಕ್ಕೆ ಇಲ್ಲಿರುವ ಸರಕು ಯಾವುದು? ವಿಜಯಪುರದಿಂದ ಅಥಣಿ ದಾರಿ ಹಿಡಿದರೆ ಟಿಕೋಟಾ, ಜಮಖಂಡಿ ದಾರಿ ಹಿಡಿದರೆ ಬಬಲೇಶ್ವರ. ಎರಡೂ ಕಡೆ ದ್ರಾಕ್ಷಿ ಪಡಗಳಿವೆ, ನೀರಿಗೆ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳಿವೆ, ಪಕ್ಕದಲ್ಲಿ ಹಸಿರು ಬಲೆ ಕಟ್ಟಿದ ಒಣದ್ರಾಕ್ಷಿ ಶೆಡ್ಡುಗಳಿವೆ. ಅಕ್ಟೋಬರ್ ಚಾಟ್ನಿಯ ನಂತರ ಬಂದ ಹಣ್ಣು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಟಾವಾಗುತ್ತದೆ. ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ದ್ರಾವಣದಲ್ಲಿ ಅದ್ದಿ, ನೆರಳಿನ ಅಂತಸ್ತುಗಳ ಮೇಲೆ ಹರಡಿ, ಸುಮಾರು 15 ದಿನ ಒಣಗಿಸುತ್ತಾರೆ. ಹೆಚ್ಚುಕಡಿಮೆ 4 ಕಿಲೋ ಹಸಿ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ. ಆಮೇಲೆ ಕಡ್ಡಿ ತೆಗೆದು, ಬಣ್ಣ ಮತ್ತು ಗಾತ್ರ ನೋಡಿ ವಿಂಗಡಿಸಿ, 15 ಕಿಲೋ ಪೆಟ್ಟಿಗೆಗಳಲ್ಲಿ ತುಂಬಿ ಶೀತಲಗೃಹಕ್ಕೆ ಸಾಗಿಸುತ್ತಾರೆ.

ಇಷ್ಟೆಲ್ಲ ದುಡಿದವನ ಕೈಯಲ್ಲಿ ಬೆಲೆ ಮಾತ್ರ ಇರುವುದಿಲ್ಲ. ಒಂದು ಕಾಲಕ್ಕೆ ಪೆಟ್ಟಿಗೆಗಳು ಗಡಿಯಾಚೆಯ ತಾಸಗಾಂವ, ಸಾಂಗ್ಲಿ ಪೇಟೆಗಳ ಅಡತಿ ಅಂಗಡಿಗೆ ಹೋಗಬೇಕಿತ್ತು. 2014ರಲ್ಲಿ ಕರ್ನಾಟಕ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿ ಎ.ಪಿ.ಎಂ.ಸಿ.ಗಳ ಟೆಂಡರನ್ನು ಕಂಪ್ಯೂಟರಿಗೆ ತಂದಿತು. 2016ರ ಏಪ್ರಿಲ್ 14ರಂದು ಕೇಂದ್ರದ ಇ–ನಾಮ್ ಬಂತು. ವ್ಯಾಪಾರಿಗಳು ಒಬ್ಬರ ಬೆಲೆ ಇನ್ನೊಬ್ಬರಿಗೆ ತಿಳಿಯದಂತೆ ಬರೆಯುವ ಈ ಕ್ರಮದಿಂದ ಪೈಪೋಟಿ ಹೆಚ್ಚುತ್ತದೆ. ಆದರೂ ಅದು ಸಗಟು ಮಾರಾಟವೇ. ಅದನ್ನೂ ದಾಟಿ, ಟಿಕೋಟಾದ ಶೆಡ್ಡಿನಿಂದ ಬೆಂಗಳೂರಿನ ಅಡುಗೆಮನೆಗೆ ಪೊಟ್ಟಣವನ್ನೇ ಕಳಿಸಬೇಕೆಂಬ ಆಸೆ ಈಗಿನ ತರುಣರದು. ಆಸೆ ಒಳ್ಳೆಯದು. ಅದರಲ್ಲಿ ಎಡವುವ ಜಾಗಗಳನ್ನು ಆಟಗಾರರಿಂದ ಕೇಳಿ ತಿಳಿಯಬಹುದು.

ಮೊದಲನೆಯ ಮಾತು ಸೈಕಲಿನದು. ವಿಜಯಪುರ, ಬಾಗಲಕೋಟೆ ಸೀಮೆಯ ಹುಡುಗ ಹುಡುಗಿಯರು ರಾಷ್ಟ್ರೀಯ ಸೈಕ್ಲಿಂಗ್‌ನಲ್ಲಿ ಪದಕ ತರುತ್ತ ಬಂದವರು. ಅಲ್ಲಿ ಟೈಮ್ ಟ್ರಯಲ್ ಎಂಬ ಸ್ಪರ್ಧೆಯಿದೆ. ಸವಾರರನ್ನು ಒಬ್ಬೊಬ್ಬರನ್ನಾಗಿ ಬಿಡುತ್ತಾರೆ, ಪೈಪೋಟಿ ಗಡಿಯಾರದೊಡನೆ. ಮೊದಲ ಕೆಲವು ಕಿಲೋಮೀಟರ್‌ಗಳಲ್ಲಿ ಹುರುಪಿನಿಂದ ತುಳಿದವನು ಕೊನೆಯ ಭಾಗದಲ್ಲಿ ಸೋತು ಹೋಗುತ್ತಾನೆ. ಅನುಭವಿ ಸವಾರ ತನ್ನ ಉಸಿರಿನ ಲೆಕ್ಕ ಬಲ್ಲವನು.

ವ್ಯಾಪಾರದ ಉಸಿರು ಎಂದರೆ ಕೈಯಲ್ಲಿರುವ ಹಣ. ಒಂದು ಕಿಲೋ ಮಾಲು ಮನೆಗೆ 200 ರೂಪಾಯಿ ಬೀಳುತ್ತದೆಂದು ಇಟ್ಟುಕೊಳ್ಳೋಣ. ಪೊಟ್ಟಣಕ್ಕೆ 20, ಸಾಗಣೆಗೆ 70, ಮಾರಿಕೊಡುವ ಜಾಲತಾಣದ ಕಮಿಷನ್ 40. ಒಟ್ಟು 330. ಮಾರಿದ್ದು 350ಕ್ಕೆ, ಉಳಿದದ್ದು 20. ಹತ್ತು ಪೊಟ್ಟಣ ಕಳಿಸಿದಾಗ ಒಂದು ವಾಪಸ್ ಬಂತೆನ್ನಿ. ಕಮಿಷನ್ ಮರಳಿ ಸಿಕ್ಕಿದರೂ ಹೋಗಿ ಬರುವ ಸಾಗಣೆ 140, ಪೊಟ್ಟಣ 20, ಕೆಟ್ಟ ಮಾಲು 200, ಅಂದರೆ 360 ರೂಪಾಯಿ ಹೋಯಿತು. ಉಳಿದ ಒಂಬತ್ತರ ಲಾಭ 180. ಹತ್ತರಲ್ಲಿ ಒಂಬತ್ತು ಗಿರಾಕಿಗಳು ಮೆಚ್ಚಿದರೂ 180 ರೂಪಾಯಿ ನಷ್ಟ! ಇದರ ಮೇಲೆ, ಹೆಸರಾಗಲೆಂದು ಮೊದಲ ತಿಂಗಳೇ 50 ರೂಪಾಯಿ ರಿಯಾಯಿತಿ ಕೊಟ್ಟರೆ, ಮಾರಿದಷ್ಟೂ ಸಾಲ. ಆರ್ಡರುಗಳ ಸಂಖ್ಯೆ ನೋಡಿ ಹಿಗ್ಗುವವನು ಆರಂಭದಲ್ಲೇ ಜೋರಾಗಿ ತುಳಿದ ಸವಾರನಂತೆ.

ಎರಡನೆಯದೂ ಸೈಕಲಿನ ಕಣದ್ದೇ. ಟೀಮ್ ಪರ್ಸೂಟ್‌ನಲ್ಲಿ ನಾಲ್ವರು ಸವಾರರು ಒಬ್ಬರ ಬೆನ್ನಿಗೊಬ್ಬರು ಅಂಟಿದಂತೆ 4 ಕಿಲೋಮೀಟರ್ ಓಡಿಸುತ್ತಾರೆ. ಮುಂದಿನವನು ಗಾಳಿಯನ್ನು ಸೀಳುತ್ತಾನೆ. ದಣಿದಾಗ ಪಕ್ಕಕ್ಕೆ ಸರಿದು ಹಿಂದೆ ಸೇರುತ್ತಾನೆ. ತಂಡದ ಸಮಯವನ್ನು ಅಳೆಯುವುದು ಮೊದಲು ಗುರಿ ಮುಟ್ಟಿದವನಿಂದಲ್ಲ, ಮೂರನೆಯವನ ಮುಂಗಾಲಿಯಿಂದ! ಒಬ್ಬ ವೀರನಿದ್ದರೆ ಸಾಲದು.

ಆನ್‌ಲೈನ್ ಅಂಗಡಿಯಲ್ಲಿ ಮೊಬೈಲ್ ಹಿಡಿದು ಚೆಂದದ ಚಿತ್ರ ಹಾಕುವವನು ಮುಂದಿನ ಸವಾರ. ಗಿರಾಕಿ ತೂಗುವುದು ಹಿಂದಿನವರನ್ನು. ಕಡ್ಡಿ, ಕಲ್ಲು ಆರಿಸುವ ಹೆಣ್ಣುಮಕ್ಕಳು, ಪೊಟ್ಟಣದ ಬಾಯಿ ಬಿಗಿಯುವವರು, ಪಾರ್ಸೆಲ್ ಒಯ್ಯುವ ಹುಡುಗ – ಇವರಲ್ಲಿ ಒಬ್ಬರು ತಪ್ಪಿದರೂ ಹೆಸರು ಕೆಡುವುದು ಅಂಗಡಿಯದು. ಆರಿಸುವವರ ಕೂಲಿಯಲ್ಲಿ ಉಳಿತಾಯ ಮಾಡಹೊರಟವನು ತನ್ನ ಮೂರನೆಯ ಸವಾರನ ಗಾಲಿಯ ಗಾಳಿಯನ್ನೇ ತೆಗೆದಂತೆ.

ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಮೊದಲು ಮಾರಿದ್ದು ಪುಸ್ತಕವನ್ನು. ಪುಸ್ತಕ ಕೆಡುವುದಿಲ್ಲ, ಒಂದು ಮುದ್ರಣದ ಪ್ರತಿಗಳೆಲ್ಲ ಒಂದೇ. ಒಣದ್ರಾಕ್ಷಿ ಹಾಗಲ್ಲ. ಒಂದೇ ತೋಟದ ಎರಡು ಪೆಟ್ಟಿಗೆ ಒಂದೇ ಬಣ್ಣ, ಒಂದೇ ರುಚಿ ಇರುವುದಿಲ್ಲ. ಕಂಡು ಮುಟ್ಟಿ ಕೊಳ್ಳುವ ಅವಕಾಶವಿಲ್ಲದ ಪೇಟೆಯಲ್ಲಿ ಗಿರಾಕಿಗಿರುವ ಆಧಾರ ಒಂದೇ: ಹೋದ ಸಲ ಬಂದಂಥದೇ ಈ ಸಲವೂ ಬರುತ್ತದೆಂಬ ನಂಬಿಕೆ.

ಈ ಒಂದೇ ಸಮನಾದ ಗುಣಕ್ಕೆ ಉದಾಹರಣೆ ವಿಜಯಪುರದ ಮನೆಯಲ್ಲೇ ಇದೆ. ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕವಾಡ್ 2017ರ ಮಹಿಳಾ ವಿಶ್ವಕಪ್‌ಗೆ ಇಂಗ್ಲೆಂಡಿಗೆ ಹೋದ ತಂಡದಲ್ಲಿದ್ದರು. ಆರಂಭದ ಪಂದ್ಯಗಳಲ್ಲಿ ಅವರಿಗೆ ಸ್ಥಾನ ಸಿಗಲಿಲ್ಲ. ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ಗೆಲ್ಲಲೇಬೇಕಾದ ಪಂದ್ಯದಲ್ಲಿ ಚೆಂಡು ಕೈಗೆ ಬಂತು. ಅವರು 7.3 ಓವರುಗಳಲ್ಲಿ 15 ರನ್ ಕೊಟ್ಟು 5 ವಿಕೆಟ್ ಪಡೆದರು. ನ್ಯೂಜಿಲೆಂಡ್ 79ಕ್ಕೆ ಮುಗಿಯಿತು, ಭಾರತ 186 ರನ್‌ಗಳಿಂದ ಗೆದ್ದು ಸೆಮಿಫೈನಲ್ ಸೇರಿತು. 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಆರಂಭವಾದಾಗ ಯು.ಪಿ. ವಾರಿಯರ್ಸ್ ತಂಡ ಅವರನ್ನು ಕೊಂಡಿತು.

ಪತ್ರಿಕೆಗಳು ಬರೆದದ್ದು ಆ 15 ರನ್‌ಗಳ ಬಗ್ಗೆ. ಆದರೆ ಆ ದಿನದ ಬೌಲಿಂಗ್ ಸಿದ್ಧವಾದದ್ದು ಹೊರಗೆ ಕುಳಿತ ದಿನಗಳಲ್ಲಿ, ಯಾರೂ ನೋಡದ ನೆಟ್‌ನಲ್ಲಿ. ಒಣದ್ರಾಕ್ಷಿ ವ್ಯಾಪಾರಿಗೆ ದೀಪಾವಳಿಯೇ ಡರ್ಬಿ. ಆ ಎರಡು ವಾರಗಳಲ್ಲಿ ಬರುವ ಆರ್ಡರಿಗೆ ಬೇಕಾದ ಪೊಟ್ಟಣ, ಪರವಾನಗಿ, ವಿಂಗಡಿಸಿದ ಮಾಲು ಆಷಾಢದಲ್ಲೇ ತಯಾರಿರಬೇಕು. ಆರ್ಡರು ಬಂದ ಮೇಲೆ ಡಬ್ಬಿ ಹುಡುಕುವವನ ಕೈಗೆ ಚೆಂಡು ಬಂದೂ ಪ್ರಯೋಜನವಿಲ್ಲ.

ನಾಲ್ಕನೆಯ ಪಾಠ ಸೋಲಿನದು, ಅದೂ ಗೆದ್ದವನ ಸೋಲು. ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1999ರಿಂದ 2005ರವರೆಗೆ ಸತತ ಏಳು ಸಲ ಟೂರ್ ಡಿ ಫ್ರಾನ್ಸ್ ಸೈಕಲ್ ಓಟ ಗೆದ್ದು ಜಗತ್ತಿನ ಕಣ್ಮಣಿಯಾಗಿದ್ದ. ಮದ್ದು ಸೇವಿಸಿ ಗೆದ್ದದ್ದು ಸಾಬೀತಾಗಿ 2012ರಲ್ಲಿ ಏಳೂ ಪ್ರಶಸ್ತಿಗಳನ್ನು ಕಿತ್ತುಕೊಳ್ಳಲಾಯಿತು. ಇಷ್ಟೇ ಆಗಿದ್ದರೆ ಒಬ್ಬನ ಕಥೆ. ಪ್ರಾಮಾಣಿಕವಾಗಿ ಓಡಿದವರ ಮೇಲೂ ಜನ ಸಂಶಯಪಡುವಂತಾದದ್ದು ದೊಡ್ಡ ನಷ್ಟ.

ಆನ್‌ಲೈನ್ ಪೇಟೆಯಲ್ಲೂ ಇಂಥ ಮದ್ದುಗಳಿವೆ. ನೆಂಟರಿಂದ ಬರೆಸಿದ ಸುಳ್ಳು ಹೊಗಳಿಕೆ ಒಂದು. ಬೇರೆ ಊರಿನ ಮಾಲಿಗೆ ಟಿಕೋಟಾದ ಹೆಸರು ಇನ್ನೊಂದು. ಒಣದ್ರಾಕ್ಷಿಗೆ ಹೊನ್ನಿನ ಬಣ್ಣ ಬರಲೆಂದು ಗಂಧಕದ ಹೊಗೆ ಹಾಕುವ ಪದ್ಧತಿಯೂ ಇದೆ. ಅದಕ್ಕೆ ಕಾನೂನು ಮಿತಿ ಹಾಕಿದೆ. ಅಸ್ತಮಾ ಇರುವ ಕೆಲವರಿಗೆ ಅದು ತೊಂದರೆ ಕೊಡಬಲ್ಲದು. ಹೊಗೆ ಹಾಕಿದ್ದರೆ ಪೊಟ್ಟಣದ ಮೇಲೆ ಹೇಳಬೇಕು, ಮಿತಿ ಮೀರಬಾರದು. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನು ಕಿರುಕುಳವೆಂದು ಗೊಣಗುವವರಿದ್ದಾರೆ. ನಿಜವಾಗಿ ಅದು ಕಣದ ಪಂಚನಿದ್ದಂತೆ. ಪಂಚನಿಲ್ಲದ ಕುಸ್ತಿಯಲ್ಲಿ ನ್ಯಾಯವಾಗಿ ಆಡುವವನಿಗೇ ಪೆಟ್ಟು ಹೆಚ್ಚು. ಒಬ್ಬ ಮೋಸ ಮಾಡಿದರೆ ಬೆಂಗಳೂರಿನ ಗಿರಾಕಿ ಆ ಒಬ್ಬನ ಹೆಸರನ್ನು ನೆನಪಿಡುವುದಿಲ್ಲ. ‘ವಿಜಯಪುರದ ದ್ರಾಕ್ಷಿ ಬೇಡ’ ಎಂದುಬಿಡುತ್ತಾನೆ.

ಹೋಲಿಕೆಯನ್ನು ಎಳೆದಷ್ಟೂ ಹಿಗ್ಗುವುದೆಂದು ತಿಳಿಯಬಾರದು. ಆಟಕ್ಕೆ ಕೊನೆಯ ಸೀಟಿ ಉಂಟು, ವ್ಯಾಪಾರಕ್ಕಿಲ್ಲ. ಸೋತ ಪೈಲ್ವಾನ ಮುಂದಿನ ಜಾತ್ರೆಗೆ ಕಾಯಬಹುದು. ಒಣಗುವ ಹದಿನೈದು ದಿನಗಳಲ್ಲಿ ಅಕಾಲ ಮಳೆ ಬಿದ್ದು ಮಾಲು ಕಪ್ಪಾದರೆ ಬೆಳೆಗಾರನ ಸಾಲದ ಬಡ್ಡಿ ಕಾಯುವುದಿಲ್ಲ. ಆದ್ದರಿಂದ ಬೆಳೆಯನ್ನೆಲ್ಲ ಮೊಬೈಲಿನ ಮೇಲೆ ಪಣಕ್ಕಿಡುವುದು ಜಾಣತನವಲ್ಲ. ಬಹುಪಾಲು ಎ.ಪಿ.ಎಂ.ಸಿ.ಗೆ ಹೋಗಲಿ, ಒಂದು ಪಾಲು ಪೊಟ್ಟಣವಾಗಲಿ. ಗಿರಾಕಿ ಮರಳಿ ಬಂದಂತೆ ಆ ಪಾಲು ಬೆಳೆಯಲಿ. ಒಬ್ಬೊಬ್ಬರೇ ಹೆಣಗುವ ಬದಲು ಹತ್ತು ತೋಟದವರು ಸೇರಿ ಒಂದೇ ಅಳತೆಯಲ್ಲಿ ವಿಂಗಡಿಸಿ ಒಂದೇ ಹೆಸರಿನಲ್ಲಿ ಮಾರಿದರೆ ಗಾಳಿ ಸೀಳುವ ಕೆಲಸ ಸರದಿಯ ಮೇಲೆ ಹಂಚಿಹೋಗುತ್ತದೆ.

ಕುಸ್ತಿ ಮುಗಿದ ಮರುದಿನ ಗರಡಿಮನೆಗೆ ಹೋದವರಿಗೆ ಒಂದು ನೋಟ ಕಾಣಸಿಗುತ್ತದೆ. ಗೆದ್ದವನು, ಸೋತವನು ಇಬ್ಬರೂ ಸಲಿಕೆ ಹಿಡಿದು ಮಣ್ಣು ಹದ ಮಾಡುತ್ತಿರುತ್ತಾರೆ. ದೀಪಾವಳಿ ಮುಗಿದ ಮರುದಿನ ಟಿಕೋಟಾ, ಬಬಲೇಶ್ವರದ ಶೆಡ್ಡುಗಳಲ್ಲಿ ವಾಪಸ್ ಬಂದ ಪೊಟ್ಟಣಗಳನ್ನು ಬಿಚ್ಚಿ, ಏಕೆ ಬಂತು ಎಂದು ಒಂದೊಂದನ್ನೂ ನೋಡಿ ಬರೆದಿಡುವವನು ಆ ಪೈಲ್ವಾನರ ಕುಲಕ್ಕೆ ಸೇರಿದವನು. ಅವನ ಅಂಗಡಿ ಮುಂದಿನ ವರ್ಷವೂ ತೆರೆದಿರುತ್ತದೆ.