ಮಾಲ್ಗುಡಿಯ ವೇಷ ತೊಟ್ಟ ಅರಸಾಳು

1930ರ ವಿಜಯದಶಮಿ. ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನವೆಂದು ಆರ್. ಕೆ. ನಾರಾಯಣ್ ಬೆಂಗಳೂರಿನಲ್ಲಿ ಒಂದು ನೋಟುಪುಸ್ತಕ ಕೊಂಡು ತಂದು ಬರೆಯಲು ಕೂತರು. ಮೊದಲು ಕಣ್ಣಿಗೆ ಕಟ್ಟಿದ್ದು ಊರಲ್ಲ, ಆ ಊರಿನ ಪುಟ್ಟ ರೈಲ್ವೆ ನಿಲ್ದಾಣ. ಮಾಲ್ಗುಡಿ ಎಂಬ ಕಲ್ಪನೆಯ ಊರು ಹುಟ್ಟಿದ್ದು ಹಾಗೆ. ತಮಾಷೆಯೆಂದರೆ, 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿ ಅಚ್ಚಾಗಿ ಬಂದಾಗ ಕಥೆ ಶುರುವಾದದ್ದು ರೈಲಿನಿಂದಲ್ಲ, ಹುಡುಗ ಸ್ವಾಮಿಗೆ ಒಗ್ಗದ ಸೋಮವಾರದ ಬೆಳಗಿನಿಂದ.

ನಾರಾಯಣ್ ಮನಸ್ಸಿನಲ್ಲಿದ್ದ ಆ ನಿಲ್ದಾಣಕ್ಕೆ ಕಲ್ಲು, ಗಾರೆ, ಹೆಂಚು ಸಿಕ್ಕಿದ್ದು ಅರ್ಧ ಶತಮಾನದ ಮೇಲೆ, ಹೊಸನಗರ ತಾಲ್ಲೂಕಿನ ಅರಸಾಳಿನಲ್ಲಿ.

ಬೀರೂರಿನಿಂದ ಶಿವಮೊಗ್ಗದವರೆಗೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಮುಂದೆ ಮಲೆನಾಡಿನ ಕಾಡು ಸೀಳಿಕೊಂಡು ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ ಜೋಗದ ಹೊಸ್ತಿಲಾದ ತಾಳಗುಪ್ಪ ಮುಟ್ಟುವಷ್ಟರಲ್ಲಿ ದಶಕಗಳೇ ಉರುಳಿದ್ದವು. ಅದು ಮೀಟರ್ ಗೇಜ್. ಎರಡು ಹಳಿಗಳ ನಡುವೆ ಒಂದೇ ಮೀಟರ್ ಅಂತರ. ಅದರ ಕೊನೆಗಾಲದಲ್ಲಿ ಈ ದಾರಿಯಲ್ಲಿ ಓಡಿದ್ದು ರೈಲ್‌ಬಸ್: ನೋಡಲು ಬಸ್ಸು, ಓಡುವುದು ಹಳಿಯ ಮೇಲೆ.

1980ರ ದಶಕದ ನಡುವೆ ಶಂಕರ್ ನಾಗ್ ನಾರಾಯಣ್ ಕಥೆಗಳ ಟಿವಿ ಧಾರಾವಾಹಿ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಲು ಈ ಸೀಮೆಗೆ ಬಂದರು. ಸ್ವಾಮಿಯ ಮನೆಯಾದದ್ದು ಆಗುಂಬೆಯ ದೊಡ್ಡಮನೆ. ರೈಲ್ವೆ ನಿಲ್ದಾಣವಾದದ್ದು ಅರಸಾಳು. ಕಲಾ ನಿರ್ದೇಶಕ ಜಾನ್ ದೇವರಾಜ್. ಸುತ್ತ ಕಾಡು, ಸಣ್ಣ ಕಟ್ಟಡ, ಎಲ್ಲೋ ಒಮ್ಮೆ ಬರುವ ರೈಲು: ಬ್ರಿಟಿಷರ ಕಾಲವನ್ನು ತೋರಿಸಲು ಇಲ್ಲಿ ಮರೆಮಾಚಬೇಕಾದದ್ದು ಹೆಚ್ಚೇನೂ ಇದ್ದಿರಲಾರದು. ನಾರಾಯಣ್ ಅವರ ಆ ಮೊದಲ ಕಾದಂಬರಿ ಮುಗಿಯುವುದೂ ನಿಲ್ದಾಣದಲ್ಲೇ. ಹೊರಟೇಬಿಟ್ಟ ರೈಲಿನಲ್ಲಿರುವ ಗೆಳೆಯ ರಾಜಂಗೆ ಸ್ವಾಮಿ ತಂದ ಪುಟ್ಟ ಪುಸ್ತಕವನ್ನು ಇನ್ನೊಬ್ಬ ಗೆಳೆಯ ಮಣಿ ಓಡೋಡಿ ತಲುಪಿಸುತ್ತಾನೆ.

ಆಮೇಲೆ ಬ್ರಾಡ್ ಗೇಜ್ ಬಂತು. ಒಂದು ಮೀಟರ್ ಇದ್ದದ್ದು 1.676 ಮೀಟರ್ ಆಯಿತು. ಹಳಿ ಅಗಲವಾದರೆ ಅದೊಂದೇ ಬದಲಾಗುವುದಿಲ್ಲ. ಪ್ಲಾಟ್‌ಫಾರಂ, ಸೇತುವೆ, ತಿರುವು ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ಅರಸಾಳಿಗೂ ಹೊಸ ನಿಲ್ದಾಣ ಎದ್ದಿತು. ಹಳೆಯ ಕಟ್ಟಡ ಟಿಕೆಟಿಲ್ಲದೆ, ಮಾಸ್ತರರಿಲ್ಲದೆ ಪಾಳು ಬಿದ್ದಿತು. ಎಷ್ಟೋ ಹಳ್ಳಿಗಳಲ್ಲಿ ಇಂಥ ಕಟ್ಟಡಗಳ ಕಥೆ ಇಲ್ಲಿಗೇ ಮುಗಿಯುತ್ತದೆ. ಇದನ್ನು ಉಳಿಸಿದ್ದು ಒಂದು ಸುಳ್ಳು ಹೆಸರು. ನೈರುತ್ಯ ರೈಲ್ವೆ ಇದನ್ನು ದುರಸ್ತಿ ಮಾಡಿಸಿ, ಅದೇ ಜಾನ್ ದೇವರಾಜ್ ಅವರ ಕೈಯಲ್ಲಿ ಮಾಲ್ಗುಡಿ ಮ್ಯೂಸಿಯಂ ಆಗಿಸಿತು. 2020ರಲ್ಲಿ ಬಾಗಿಲು ತೆರೆಯಿತು.

ಕಟ್ಟಡ ಉಳಿಯಿತಲ್ಲ, ಅದೇ ಸಂತೋಷ. ಆದರೂ ಒಂದು ಸಣ್ಣ ತಕರಾರು ಉಳಿದೇ ಇದೆ. ಚಿತ್ರೀಕರಣ ನಡೆದದ್ದು ಕೆಲವು ದಿನ. ಇಲ್ಲಿ ಊರಿನವರು ಮೂಟೆ ಇಳಿಸಿಕೊಂಡು ರೈಲಿಗೆ ಕಾದದ್ದು ಹಲವು ದಶಕ. ನೋಡಲು ಬರುವವರು ಕೇಳುವುದು ಸ್ವಾಮಿಯನ್ನೇ. ತಾಳಗುಪ್ಪದ ರೈಲು ಬಂದಾಗ ಊರಿನವರು ಹತ್ತುವುದು ಹೊಸ ನಿಲ್ದಾಣದಲ್ಲಿ. ಅವರ ಟಿಕೆಟ್ಟಿನ ಮೇಲೆ ಇರುವುದು ಅರಸಾಳು.