ರಾಕ್ಷಸನ ಸರದಿ ಬಂದಾಗ



ಮೇಜಿನ ಸುತ್ತ ಕೂತು ಕಾಗದ, ಪೆನ್ಸಿಲ್, ದಾಳಗಳನ್ನಿಟ್ಟುಕೊಂಡು ಆಡುವ ರೋಲ್‌ಪ್ಲೇಯಿಂಗ್ ಆಟಗಳ ಬಗ್ಗೆ ಈ ವಿಚಾರ ಸಂಕಿರಣ. ವಿಷಯ ದೊಡ್ಡದು. ನಾನು ಅದರ ಒಂದು ಮೂಲೆಯನ್ನಷ್ಟೇ ಹಿಡಿದುಕೊಳ್ಳುತ್ತೇನೆ. ಈ ಆಟಗಳಲ್ಲಿ ರಾಕ್ಷಸರು, ಡ್ರ್ಯಾಗನ್‌ಗಳು, ಸತ್ತೂ ಸಾಯದ ಮಾಂತ್ರಿಕರು ಮಂತ್ರ ಪ್ರಯೋಗಿಸುವಾಗ ಯಾವ ನಿಯಮಕ್ಕೆ ಒಳಪಡುತ್ತಾರೆ? ಆಟಗಾರನ ಮಾಂತ್ರಿಕನಿಗೆ ಇರುವ ಕಟ್ಟುಪಾಡು ಅವರಿಗೂ ಇರಬೇಕೇ? ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ, ಜಗಳಕ್ಕೆ ಹೆಚ್ಚು ಸಮಯ ಸಿಗಲಿ. ಎದುರಾಳಿಯ ಮಂತ್ರಕ್ಕೆ ಎಷ್ಟು ಬಲ ಎಂಬುದು ಆಮೇಲಿನ ಮಾತು. ಅದನ್ನು ಆಟಗಾರ ಊಹಿಸಬಲ್ಲನೇ, ಊಹಿಸಿ ತಡೆಯಬಲ್ಲನೇ ಎಂದು ಮೊದಲು ಕೇಳಬೇಕು. ಇತ್ತೀಚಿನ ನಿಯಮಗಳು ಆಟ ನಡೆಸುವ ಡಂಜನ್ ಮಾಸ್ಟರನ ಹೊರೆ ಇಳಿಸುವ ಭರದಲ್ಲಿ ಈ ಪ್ರಶ್ನೆಯನ್ನೇ ಮರೆತಿವೆ ಎಂಬುದು ನನ್ನ ತಕರಾರು.

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂತು. ಕರ್ತೃಗಳು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಮಾಂತ್ರಿಕನ ನಿಯಮವನ್ನು ಅವರು ಕಡ ತಂದದ್ದು ಲೇಖಕ ಜ್ಯಾಕ್ ವ್ಯಾನ್ಸ್ ಅವರಿಂದ. ವ್ಯಾನ್ಸ್ 1950ರಲ್ಲಿ ಪ್ರಕಟಿಸಿದ ‘ದ ಡೈಯಿಂಗ್ ಅರ್ಥ್’ನಲ್ಲಿ ಮಾಂತ್ರಿಕರು ಕೆಲವೇ ಮಂತ್ರಗಳನ್ನು ಕಷ್ಟಪಟ್ಟು ಬಾಯಿಪಾಠ ಮಾಡಿಕೊಂಡು ಹೊರಡುತ್ತಾರೆ, ಒಮ್ಮೆ ಉಚ್ಚರಿಸಿದರೆ ಆ ಮಂತ್ರ ತಲೆಯಿಂದ ಅಳಿಸಿಹೋಗುತ್ತದೆ. ಆಟಕ್ಕೆ ಇದು ಹೇಳಿ ಮಾಡಿಸಿದ ಹಾಗಿತ್ತು. ಇವತ್ತು ಯಾವುದನ್ನು ಹೊತ್ತುಕೊಂಡು ಹೋಗಲಿ, ಯಾವುದನ್ನು ಬಿಡಲಿ ಎಂದು ಆಟಗಾರ ತಲೆ ಕೆರೆದುಕೊಳ್ಳಬೇಕು.

ರಾಕ್ಷಸರಿಗೆ ಆಗ ಇಂಥ ಶಿಸ್ತಿರಲಿಲ್ಲ. 1977ರ ‘ಮಾನ್‌ಸ್ಟರ್ ಮ್ಯಾನ್ಯುವಲ್’ ಪ್ರಕಾರ ಡ್ರ್ಯಾಗನ್‌ಗೆ ಮಾತು ಬರುತ್ತದೆಯೇ, ಮಾತು ಬಂದರೆ ಮಂತ್ರವೂ ಬರುತ್ತದೆಯೇ ಎಂಬುದನ್ನು ದಾಳ ಉರುಳಿಸಿ ಶೇಕಡಾವಾರು ತೀರ್ಮಾನಿಸಬೇಕು. ಬಿಹೋಲ್ಡರ್ ಎಂಬ ತೇಲುವ ಗೋಳಾಕಾರದ ಜೀವಿಗೆ ಮಂತ್ರಪಾಠದ ಗೊಡವೆಯೇ ಇಲ್ಲ: ಹತ್ತು ಸಣ್ಣ ಕಣ್ಣುಗಳಿಂದ ಹತ್ತು ಬಗೆಯ ಕಿರಣ, ನಡುವಿನ ದೊಡ್ಡ ಕಣ್ಣು ತಿರುಗಿದ ಕಡೆ ಯಾರ ಮಂತ್ರವೂ ನಡೆಯದು. ಅದೇ ಹೊತ್ತಿಗೆ, 1978ರಲ್ಲಿ ಬಂದ ‘ರೂನ್‌ಕ್ವೆಸ್ಟ್’ ಎಂಬ ಬೇರೊಂದು ಆಟ ಪೂರ್ತಿ ವಿರುದ್ಧ ದಿಕ್ಕಿಗೆ ನಡೆಯಿತು. ಅಲ್ಲಿ ಟ್ರಾಲ್‌ಗೂ ಮನುಷ್ಯನಿಗೂ ಒಂದೇ ಅಳತೆಗೋಲು. ಇಬ್ಬರೂ ‘ಪವರ್’ ಎಂಬ ಒಂದೇ ಗುಣವನ್ನು ಖರ್ಚು ಮಾಡಿ ಮಂತ್ರ ಹಾಕಬೇಕು. ನನ್ನನ್ನು ಕೇಳಿದರೆ ನ್ಯಾಯದ ದೃಷ್ಟಿಯಿಂದ ಅದೇ ಚೆಂದದ ನಿಯಮ. ಆದರೆ ಹನ್ನೆರಡು ಟ್ರಾಲ್‌ಗಳು ಒಟ್ಟಿಗೆ ಬಂದಾಗ ಅವುಗಳ ಲೆಕ್ಕವನ್ನು ಇಡುವವನ ಪಾಡೇನು?

2000ದಲ್ಲಿ ಬಂದ ಡಿ ಅಂಡ್ ಡಿಯ ಮೂರನೇ ಆವೃತ್ತಿಯೂ ಸಮಾನತೆಯ ದಾರಿ ಹಿಡಿಯಿತು. ರಾಕ್ಷಸರಿಗೂ ಆಟಗಾರರ ಹಾಗೆಯೇ ಕೌಶಲ, ಹಂತ, ಎಲ್ಲ ಬಂತು. ಅದರ ನಿಜವಾದ ಕೊಡುಗೆ ಮಾತ್ರ ಬೇರೆ. ಪ್ರತಿ ಶಕ್ತಿಯ ಮುಂದೆ ಎರಡಕ್ಷರದ ಒಂದು ಗುರುತು ಹಾಕಿ ಅದು ಯಾವ ಜಾತಿಯದು ಎಂದು ಹೇಳಿಬಿಡುತ್ತಿತ್ತು. ಮಂತ್ರದಂಥ ಶಕ್ತಿಯಾದರೆ ಬಾಯಿ ಅಲ್ಲಾಡಿಸಬೇಕಿಲ್ಲ, ಕೈ ಆಡಿಸಬೇಕಿಲ್ಲ; ಆದರೂ ಅದನ್ನು ಮಂತ್ರದಿಂದಲೇ ಕೀಳಬಹುದು, ಮಂತ್ರನಿರೋಧ ಇದ್ದವನಿಗೆ ಅದು ತಾಗದೆಯೂ ಹೋಗಬಹುದು. ಅತಿಮಾನುಷ ಶಕ್ತಿಯಾದರೆ ನಿರೋಧ ಕೆಲಸಕ್ಕೆ ಬಾರದು, ಮಂತ್ರ ನಡೆಯದ ವಲಯದಲ್ಲಿ ಮಾತ್ರ ಅದು ಸತ್ತಂತೆ. ಅಸಾಧಾರಣ ಶಕ್ತಿಯೆಂದರೆ ಯಾವ ವಲಯದಲ್ಲೂ ನಿಲ್ಲದು. ಇದು ತಾಲ್ಲೂಕು ಕಚೇರಿಯ ಕಡತದಷ್ಟು ಒಣ ವರ್ಗೀಕರಣ ಎಂದು ನಗುವವರಿದ್ದಾರೆ. ನಗಲಿ. ಆದರೆ ಅದು ಆಟಗಾರನಿಗೆ ಒಂದು ಆಸರೆ ಕೊಟ್ಟಿತ್ತು: ಎದುರಿಗಿರುವುದು ಯಾವ ಜಾತಿಯ ಮಾಯೆ ಎಂದು ಗೊತ್ತಾದರೆ ಏನು ಮಾಡಬೇಕೆಂಬುದೂ ಗೊತ್ತಾಗುತ್ತಿತ್ತು.

2008ರ ನಾಲ್ಕನೇ ಆವೃತ್ತಿ ಮಂತ್ರಪಟ್ಟಿಯನ್ನೇ ಕಿತ್ತು, ರಾಕ್ಷಸನಿಗೆ ನಾಲ್ಕೈದು ಶಕ್ತಿ ಕೊಟ್ಟು, ಖಾಲಿಯಾದವುಗಳಲ್ಲಿ ಕೆಲವು ದಾಳದಲ್ಲಿ ಐದೋ ಆರೋ ಬಿದ್ದರೆ ಮರಳುತ್ತವೆ ಎಂದಿತು. ಆ ಆವೃತ್ತಿಯ ಪರ-ವಿರೋಧ ಬೇರೆ ಗೋಷ್ಠಿಗೆ ಇರಲಿ.

2014ರ ಐದನೇ ಆವೃತ್ತಿಯ ಲಿಚ್ ಎಂಬ ಸತ್ತೂ ಸಾಯದ ಮಾಂತ್ರಿಕನನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅವನು 18ನೇ ಹಂತದ ಮಾಂತ್ರಿಕ. ಅವನ ಪಟ್ಟಿಯಲ್ಲಿ 25ಕ್ಕೂ ಹೆಚ್ಚು ಮಂತ್ರಗಳಿವೆ, ಅವನ್ನು ಹಾಕಲು ಒಂಬತ್ತು ಮಟ್ಟಗಳಲ್ಲಿ ಒಟ್ಟು 20 ಸ್ಲಾಟ್‌ಗಳು, ಅಂದರೆ ಒಂದೊಂದು ಪ್ರಯೋಗಕ್ಕೆ ಖರ್ಚಾಗುವ ಅವಕಾಶಗಳು, ಇವೆ. ಪುಟದಲ್ಲಿ ಇರುವುದು ಮಂತ್ರಗಳ ಹೆಸರು ಮಾತ್ರ. ‘ಕ್ಲೌಡ್‌ಕಿಲ್’ ಎಷ್ಟು ಅಗಲ ಹರಡುತ್ತದೆ, ‘ಗ್ಲೋಬ್ ಆಫ್ ಇನ್‌ವಲ್ನರಬಿಲಿಟಿ’ ಯಾವ ಮಟ್ಟದವರೆಗೆ ಕಾಪಾಡುತ್ತದೆ, ಎರಡನ್ನೂ ಒಟ್ಟಿಗೆ ಏಕಾಗ್ರತೆಯಿಂದ ಹಿಡಿದಿಡಬಹುದೇ ಎಂಬುದಕ್ಕೆ ಡಂಜನ್ ಮಾಸ್ಟರ್ ಇನ್ನೊಂದು ಪುಸ್ತಕ ತೆರೆಯಬೇಕು. ಲಿಚ್‌ನ ಸರದಿ ಬಂದಿದೆ, ಐದು ಜನ ಡಂಜನ್ ಮಾಸ್ಟರನ ಮುಖವನ್ನೇ ನೋಡುತ್ತಿದ್ದಾರೆ, ಅವನು ಪುಟ ತಿರುವುತ್ತಿದ್ದಾನೆ. ಕೊನೆಗೆ ಬೇಸತ್ತು ಬೆಂಕಿಯುಂಡೆ ಎಸೆದು ಕೈತೊಳೆದುಕೊಳ್ಳುತ್ತಾನೆ. ಸಾವಿರ ವರ್ಷ ಸಂಚು ಹೂಡಿದ ಲಿಚ್ ಹೀಗೆ ಪಡ್ಡೆಹುಡುಗನ ಹಾಗೆ ಕಾದಾಡುವುದನ್ನು ಈ ಆಟ ಆಡಿದವರೆಲ್ಲ ನೋಡಿದ್ದಾರೆ.

ಇನ್ನೊಂದು ಸಂಗತಿ. ಅದೇ ಆವೃತ್ತಿಯ ಡಂಜನ್ ಮಾಸ್ಟರ್ ಕೈಪಿಡಿ ರಾಕ್ಷಸನ ದಾಳಿಯ ಬಲವನ್ನು ಅಳೆಯುವುದು ಮೊದಲ ಮೂರು ಸುತ್ತುಗಳ ಸರಾಸರಿ ಹೊಡೆತದಿಂದ. ಮೂರು ಸುತ್ತಿನಲ್ಲಿ ಲಿಚ್ ಖರ್ಚು ಮಾಡುವ ಸ್ಲಾಟ್ ಎಷ್ಟು? ತನ್ನ ಸರದಿಯ ಮಂತ್ರಗಳ ಜೊತೆಗೆ ‘ಶೀಲ್ಡ್’, ‘ಕೌಂಟರ್‌ಸ್ಪೆಲ್’ನಂಥ ತಡೆಮಂತ್ರಗಳನ್ನು ಸೇರಿಸಿದರೂ ಐದಾರು. ಮಿಕ್ಕ ಹದಿನಾಲ್ಕು ಅವನ ಜೊತೆಗೇ ಮಣ್ಣಾಗುತ್ತವೆ. ಆಟಗಾರ ಇಡೀ ದಿನಕ್ಕೆಂದು ಜೋಪಾನ ಮಾಡುವ ಸಂಪತ್ತನ್ನು ಅರ್ಧ ಗಂಟೆ ಬದುಕುವ ಪಾತ್ರಕ್ಕೂ ಕೊಟ್ಟು ಸಮಾನತೆ ಎಂದರೆ ಅದು ಲೆಕ್ಕದ ಪುಸ್ತಕದ ಸಮಾನತೆ. ಹಾಗಾಗಿ ‘ಮಾನ್‌ಸ್ಟರ್ಸ್ ಆಫ್ ದ ಮಲ್ಟಿವರ್ಸ್’ ಎಂಬ ಪುಸ್ತಕ 2022ರಲ್ಲಿ ಸ್ಲಾಟ್‌ಗಳನ್ನು ತೆಗೆದು, ಬೇಕಾದಾಗಲೆಲ್ಲ ಹಾಕಬಹುದಾದವು, ದಿನಕ್ಕೆ ಇಷ್ಟು ಸಲ ಹಾಕಬಹುದಾದವು ಎಂದು ಚಿಕ್ಕ ಪಟ್ಟಿ ಮಾಡಿದಾಗ ನಾನು ಸಂತೋಷಪಟ್ಟವನೇ. 2025ರ ‘ಮಾನ್‌ಸ್ಟರ್ ಮ್ಯಾನ್ಯುವಲ್’ ಕೂಡ ಅದೇ ಜಾಡಿನಲ್ಲಿದೆ.

ಸಂತೋಷ ಅಲ್ಲಿಗೇ ನಿಂತಿತು. ಯಾಕೆಂದರೆ ಪಟ್ಟಿ ಚಿಕ್ಕದಾಗುವ ಜೊತೆಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನುಸುಳಿತು. 2016ರ ‘ವೋಲೋಸ್ ಗೈಡ್’ನಲ್ಲಿ ಇವೋಕರ್ ಎಂಬ ಮಾಂತ್ರಿಕ ಇದ್ದಾನೆ. ಅವನು ಎಸೆಯುವುದು ‘ಫೈರ್‌ಬಾಲ್’, ನಿಮ್ಮ ಪಾತ್ರ ಎಸೆಯುವ ಅದೇ ಫೈರ್‌ಬಾಲ್. ಅವನು ಕೈ ಎತ್ತಿದ ತಕ್ಷಣ ಅರವತ್ತು ಅಡಿಯೊಳಗಿರುವ ಆಟಗಾರ್ತಿ ‘ಕೌಂಟರ್‌ಸ್ಪೆಲ್’ ಎಂದು ಕೂಗಬಹುದು. ಮೂರನೇ ಮಟ್ಟದ ಮಂತ್ರ ಅಲ್ಲೇ ಠುಸ್ಸೆನ್ನುತ್ತದೆ. 2022ರಲ್ಲಿ ಅದೇ ಇವೋಕರ್ ಮರಳಿ ಬಂದಾಗ ಅವನ ಮುಖ್ಯ ಅಸ್ತ್ರದ ಹೆಸರು ‘ಸ್ಕಲ್ಪ್ಟೆಡ್ ಎಕ್ಸ್‌ಪ್ಲೋಷನ್’. ಅದೂ ಸ್ಫೋಟವೇ, ಅದೂ ಮಾಯೆಯೇ. ಆದರೆ ನಿಯಮದ ಪ್ರಕಾರ ಅದು ಮಂತ್ರವಲ್ಲ. ದಾಳದಲ್ಲಿ ನಾಲ್ಕು, ಐದು ಅಥವಾ ಆರು ಬಿದ್ದರೆ ಮತ್ತೆ ಸಿದ್ಧ. ಆಟಗಾರ್ತಿ ಕೌಂಟರ್‌ಸ್ಪೆಲ್ ಎಂದರೆ ಡಂಜನ್ ಮಾಸ್ಟರ್ ತಲೆ ಅಲ್ಲಾಡಿಸಬೇಕು. ಯಾಕೆ ಎಂದು ಅವಳು ಕೇಳಿದರೆ ಪುಸ್ತಕ ಹಾಗೆ ಬರೆದಿದೆ ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ಅವನ ಬಳಿ ಇಲ್ಲ. ಆ ಜಗತ್ತಿನೊಳಗೆ ನಿಂತು ನೋಡಿದರೆ ಎರಡೂ ಒಂದೇ: ನಿಲುವಂಗಿ ತೊಟ್ಟವನೊಬ್ಬ ಕೈ ಬೀಸಿದ, ಬೆಂಕಿ ಬಂತು.

ವಿನ್ಯಾಸಕಾರರ ಪರವಾಗಿ ಒಂದು ಮಾತು ಹೇಳಬೇಕು. ಕೌಂಟರ್‌ಸ್ಪೆಲ್‌ನಿಂದ ಅಂತಿಮ ಖಳನ ಸರದಿಗಳು ಒಂದಾದ ಮೇಲೊಂದು ಹಾಳಾಗುವುದು ನಿಜ, ಅದು ನೀರಸವೂ ಹೌದು. ಆದರೆ ಆ ಕಾಯಿಲೆಗೆ ಮದ್ದು ಕೌಂಟರ್‌ಸ್ಪೆಲ್ ಅನ್ನೇ ತಿದ್ದುವುದು. 2024ರ ನಿಯಮದಲ್ಲಿ ಅದನ್ನು ತಿದ್ದಿಯೂ ಇದ್ದಾರೆ: ಈಗ ತಡೆಯಲ್ಪಟ್ಟವನಿಗೆ ಸೇವಿಂಗ್ ಥ್ರೋ, ಅಂದರೆ ದಾಳ ಉರುಳಿಸಿ ಪಾರಾಗುವ ಅವಕಾಶ, ಇದೆ, ಅವನ ಸ್ಲಾಟ್ ಕೂಡ ವ್ಯರ್ಥವಾಗುವುದಿಲ್ಲ. ಅಷ್ಟಾದ ಮೇಲೂ ಖಳನ ಮಾಯೆಯನ್ನು ಮಂತ್ರದ ಪಟ್ಟಿಯಿಂದ ಹೊರಗಿಡುವುದು ಯಾಕೆ?

ಈ ಪ್ರಶ್ನೆಗೆ ನಮ್ಮ ಕಡೆಯಿಂದ ಹೇಳಬಹುದಾದದ್ದೂ ಇದೆ, ಯಾಕೆಂದರೆ ಈ ಆಟದ ಪ್ರಾಣಿಸಂಗ್ರಹದಲ್ಲಿ ‘ರಾಕ್ಷಸ’ ಎಂಬ ಹೆಸರಿನಲ್ಲೇ ಒಬ್ಬನಿದ್ದಾನೆ. 1977ರಿಂದಲೂ ಇದ್ದಾನೆ: ಹುಲಿಯ ತಲೆ, ಶ್ರೀಮಂತನ ಉಡುಪು, ಭ್ರಮೆ ಹುಟ್ಟಿಸುವ ಚಾಳಿ. ಮಂತ್ರಿಸಿದ ಅಡ್ಡಬಿಲ್ಲಿನ ಬಾಣ ತಾಗಿದರೆ ಸತ್ತ. ವಾಲ್ಮೀಕಿಯಲ್ಲಿ ಇಂಥ ಬಾಣವನ್ನು ಹುಡುಕಿ ಪ್ರಯೋಜನವಿಲ್ಲ. ‘ಕೋಲ್ಚಾಕ್: ದ ನೈಟ್ ಸ್ಟಾಕರ್’ ಎಂಬ ಅಮೆರಿಕದ ಟಿವಿ ಸರಣಿಯ 1974ರ ಒಂದು ಕಂತಿನಲ್ಲಿ ರಾಕ್ಷಸನನ್ನು ಕೊಲ್ಲುವುದು ಅಂಥದೇ ಬಾಣ. ಲಂಕೆಯಿಂದ ಲೇಕ್ ಜಿನೀವಾಕ್ಕೆ ದಾರಿ ಟಿವಿಯ ಮೂಲಕ ಹೋಯಿತು. ಇರಲಿ. 2014ರ ರಾಕ್ಷಸನ ಮೇಲೆ ಆರನೇ ಮಟ್ಟದವರೆಗಿನ ಯಾವ ಮಂತ್ರವೂ, ಅವನೇ ಬಯಸದ ಹೊರತು, ನಾಟುವುದಿಲ್ಲ. ಮನಸ್ಸನ್ನು ಓದುವುದು, ವೇಷ ಬದಲಿಸುವುದು ಅವನಿಗೆ ಬೇಕೆಂದಾಗಲೆಲ್ಲ ಸಾಧ್ಯ. ಒಬ್ಬನ ಮನಸ್ಸನ್ನು ಪೂರ್ತಿ ವಶಮಾಡಿಕೊಳ್ಳುವುದು ದಿನಕ್ಕೊಂದೇ ಸಲ. ಈ ಪಾತ್ರ ನನಗೆ ಇಷ್ಟ. ಅವನ ಮಂತ್ರಗಳಲ್ಲಿ ಹೆಚ್ಚಿನವು ಯುದ್ಧಕ್ಕಲ್ಲ, ಯುದ್ಧಕ್ಕೆ ಮುಂಚಿನ ಮೋಸಕ್ಕೆ. ಹೊಡೆತದ ಲೆಕ್ಕದಿಂದ ಮಾತ್ರ ಪಟ್ಟಿ ಕತ್ತರಿಸುವವರು ಮೊದಲು ಎಸೆಯುವುದು ಇಂಥವನ್ನೇ.

ಈಗ ನಮ್ಮ ಇಂದ್ರಜಿತುವನ್ನು ನೆನೆಯಿರಿ. ಮೋಡದ ಮರೆಯಲ್ಲಿ ಅದೃಶ್ಯನಾಗಿ ಬಾಣ ಬಿಡುವವನು, ನಾಗಪಾಶ ಹಾಕುವವನು. ಎದುರಿಸಲಾಗದ ಮಾಯಾವಿ. ಆದರೆ ಅವನ ಮಾಯೆಗೆ ಷರತ್ತೊಂದಿದೆ: ನಿಕುಂಭಿಳೆಯಲ್ಲಿ ಹೋಮ ಪೂರ್ಣವಾಗಬೇಕು. ಪೂರ್ಣವಾದರೆ ಅವನು ಅಜೇಯ. ಅರ್ಧಕ್ಕೆ ನಿಂತರೆ ಅವನನ್ನು ಕೊಲ್ಲಬಹುದು. ಈ ಗುಟ್ಟು ವಿಭೀಷಣನಿಗೆ ಗೊತ್ತು. ಅವನು ಲಕ್ಷ್ಮಣನನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತಾನೆ, ಕಪಿಸೇನೆ ಮುತ್ತುತ್ತದೆ, ಇಂದ್ರಜಿತು ಹೋಮ ಬಿಟ್ಟು ಏಳಬೇಕಾಗುತ್ತದೆ. ಆಟದ ಭಾಷೆಯಲ್ಲಿ ಹೇಳುವುದಾದರೆ ಎದುರಾಳಿಯ ಮಂತ್ರದ ನಿಯಮ ಆಟಗಾರರಿಗೆ ತಿಳಿಯಿತು, ಅವರು ಅದನ್ನು ಬಳಸಿ ಗೆದ್ದರು. ವಿಭೀಷಣ ಬಂದು ನಿಯಮ ಹೇಳಿದ ಮೇಲೆ ಕವಿ ‘ಇದು ಹೋಮವಲ್ಲ, ಹೋಮದಂಥದು, ನಿಲ್ಲಿಸಲಾಗದು’ ಎಂದಿದ್ದರೆ ಯುದ್ಧಕಾಂಡದ ಆ ಭಾಗವನ್ನು ಯಾರು ಕೇಳುತ್ತಿದ್ದರು?

ರಾಕ್ಷಸನ ನಿಯಮ ಆಟಗಾರನ ನಿಯಮದ ನಕಲಾಗಬೇಕು ಎಂದು ನಾನು ಹೇಳುತ್ತಿಲ್ಲ. ಹೋಮ ಮಾಡಿ ಅಜೇಯನಾಗುವ ಅವಕಾಶ ಲಕ್ಷ್ಮಣನಿಗಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಸ್ಲಾಟ್ ಬೇಡ, ಉದ್ದ ಪಟ್ಟಿ ಬೇಡ, ಬೇರೆ ಪುಸ್ತಕ ತೆರೆಯುವ ಕಷ್ಟವೂ ಬೇಡ. ಆದರೆ ಮಾಯೆಗೊಂದು ಬಾಗಿಲು ಇರಲಿ, ಆ ಬಾಗಿಲು ಎಲ್ಲಿದೆ ಎಂಬ ಸುಳಿವು ಕಥೆಯೊಳಗೇ ಸಿಗಲಿ.

ಮಧ್ಯಾಹ್ನದ ಗೋಷ್ಠಿಯಲ್ಲಿ ತಾವೇ ರೂಪಿಸಿದ ರಾಕ್ಷಸರನ್ನು ತಂದು ತೋರಿಸಲಿರುವವರಲ್ಲಿ ಒಂದು ಕೋರಿಕೆ. ನಿಮ್ಮ ಸ್ಟ್ಯಾಟ್ ಬ್ಲಾಕ್‌ನ, ಅಂದರೆ ರಾಕ್ಷಸನ ವಿವರಪಟ್ಟಿಯ, ಪ್ರತಿ ಶಕ್ತಿಯ ಕೆಳಗೆ ಎರಡು ವಾಕ್ಯ ಬರೆದುಕೊಂಡು ಬನ್ನಿ: ಅದು ನಡೆಯುವ ಮುನ್ನ ಎದುರಿಗಿದ್ದವರಿಗೆ ಏನು ಕಾಣುತ್ತದೆ, ಏನು ಮಾಡಿದರೆ ಅದು ನಿಲ್ಲುತ್ತದೆ. ಎರಡನೆಯದಕ್ಕೆ ‘ಏನು ಮಾಡಿದರೂ ನಿಲ್ಲದು’ ಎಂದೇ ಉತ್ತರವಿದ್ದರೆ ಅದನ್ನೂ ಬರೆಯಿರಿ, ಯಾಕೆ ಹಾಗೆ ಎಂಬುದನ್ನು ಚರ್ಚೆಯಲ್ಲಿ ಸಮರ್ಥಿಸಿಕೊಳ್ಳಿ. ಲಿಚ್ ಮತ್ತು ಇವೋಕರ್‌ನ ಎರಡೂ ಕಾಲದ ಪುಟಗಳನ್ನು ಅಕ್ಕಪಕ್ಕ ಇಟ್ಟು ಒಂದೊಂದು ಸುತ್ತು ಆಡಿ ನೋಡುವ ಏರ್ಪಾಡನ್ನು ಸಂಘಟಕರು ಹೇಗೂ ಮಾಡಿದ್ದಾರೆ. ನನ್ನ ಮಾತು ಅಲ್ಲಿ ನಿಲ್ಲದಿದ್ದರೆ ಅಲ್ಲೇ ಹೇಳಿ, ಕೇಳುತ್ತೇನೆ.